ಬಡಾವಣೆಯ ಬಾರ್‌ನಲ್ಲಿ ಕಾಸಿಗೆ ತಕ್ಕ ವೈನ್: ಆರ್ಡರ್ ಮಾಡುವ ಮುನ್ನ ತಿಳಿದಿರಬೇಕಾದ್ದೇನು?

ನಮ್ಮ ದೇಶದಲ್ಲಿ 'ವೈನ್ ಶಾಪ್' ಎಂಬ ಹೆಸರೇ ಒಂದು ತಮಾಷೆ. ಬೆಂಗಳೂರಿರಲಿ, ಮುಂಬೈ ಇರಲಿ, ಬೋರ್ಡಿನ ಮೇಲೆ ದೊಡ್ಡದಾಗಿ 'ವೈನ್ಸ್' ಎಂದಿರುತ್ತದೆ. ಒಳಗೆ ಸಾಲುಗಟ್ಟಿ ನಿಂತಿರುವುದು ವಿಸ್ಕಿ, ರಮ್, ಬ್ರಾಂದಿ, ಬಿಯರ್. ನಿಜವಾದ ವೈನ್‌ಗೆ ಸಿಗುವುದು ಮೂಲೆಯ ಒಂದು ಕಪಾಟು ಮಾತ್ರ. ಬಡಾವಣೆಯ ಬಾರ್ ಆ್ಯಂಡ್ ರೆಸ್ಟೋರೆಂಟ್‌ಗಳ ಕಥೆಯೂ ಹೆಚ್ಚುಕಡಿಮೆ ಹೀಗೇ ಇದೆ. ಕರಾವಳಿಯಿಂದ ಹೋದ ಹೋಟೆಲ್ ಉದ್ಯಮಿಗಳು ಮುಂಬೈಯಲ್ಲಿ ನಡೆಸುತ್ತಿರುವ 'ಪರ್ಮಿಟ್ ರೂಮ್'ಗಳಲ್ಲೂ ವ್ಯಾಪಾರ ಓಡುವುದು ಬಿಯರ್ ಮತ್ತು ಪೆಗ್‌ಗಳ ಮೇಲೆ.

ಹಾಗೆಂದು ಇಂಥ ಕಡೆ ಒಳ್ಳೆಯ ವೈನ್ ಸಿಗುವುದೇ ಇಲ್ಲ ಎಂದಲ್ಲ. ಸ್ಟಾರ್ ಹೋಟೆಲ್‌ಗಿಂತ ಕಡಿಮೆ ಖರ್ಚಿನಲ್ಲಿ ಸಿಗುವ ಸಾಧ್ಯತೆ ಇಲ್ಲೇ ಹೆಚ್ಚು. ಆದರೆ ಮೆನು ಕಾರ್ಡ್‌ನ ಬೆಲೆ ಪಟ್ಟಿಯಲ್ಲಿ ಅತಿ ಅಗ್ಗದ್ದನ್ನು ಆರಿಸಿದರೆ ಸಾಲದು. ಆ ಬಾಟಲಿಯನ್ನು ಯಾವಾಗ ತೆರೆದರು, ಗ್ಲಾಸ್‌ಗೆ ಎಷ್ಟು ಹಾಕುತ್ತಾರೆ, ವೈನ್ ಎಲ್ಲಿಂದ ಬಂತು ಎಂಬ ಮೂರು ಪ್ರಶ್ನೆಗಳಲ್ಲೇ ಲಾಭ ನಷ್ಟ ಅಡಗಿದೆ.

ಬಾಟಲಿ ತೆರೆದು ಎಷ್ಟು ದಿನವಾಯಿತು?

ವಿಸ್ಕಿ ಬಾಟಲಿ ತೆರೆದು ತಿಂಗಳುಗಟ್ಟಲೆ ಇಟ್ಟರೂ ದೊಡ್ಡ ವ್ಯತ್ಯಾಸವಾಗದು. ವೈನ್ ಹಾಗಲ್ಲ. ಮುಚ್ಚಳ ತೆಗೆದ ಕ್ಷಣದಿಂದ ಗಾಳಿ ತಾಗಿ ಅದರ ರುಚಿ, ಪರಿಮಳ ಬದಲಾಗಲು ಶುರುವಾಗುತ್ತದೆ. ಸರಿಯಾಗಿ ಮುಚ್ಚಿ ಫ್ರಿಡ್ಜ್‌ನಲ್ಲಿಟ್ಟರೆ ಸಾಮಾನ್ಯ ಬಿಳಿ ಅಥವಾ ಕೆಂಪು ವೈನ್ ಮೂರರಿಂದ ಐದು ದಿನ ಬಾಳಬಹುದು. ಗುಳ್ಳೆ ಬರುವ ಸ್ಪಾರ್ಕ್ಲಿಂಗ್ ವೈನ್‌ಗೆ ಒಂದೆರಡು ದಿನವಷ್ಟೇ ಆಯಸ್ಸು.

ವೈನ್ ಕೇಳುವವರೇ ಕಡಿಮೆ ಇರುವ ಬಾರ್‌ನಲ್ಲಿ ಸೋಮವಾರ ತೆರೆದ ಬಾಟಲಿ ಶನಿವಾರವೂ ಕೌಂಟರ್ ಮೇಲೆ ಕುಳಿತಿರುವುದುಂಟು. ಆದ್ದರಿಂದ ಗ್ಲಾಸ್ ಲೆಕ್ಕದಲ್ಲಿ ಕುಡಿಯುವವರು 'ಇದನ್ನು ಯಾವತ್ತು ತೆರೆದಿರಿ?' ಎಂದು ಕೇಳುವುದರಲ್ಲಿ ಸಂಕೋಚಪಡಬೇಕಿಲ್ಲ. ಇವತ್ತು ಅಥವಾ ನಿನ್ನೆ ಎಂದರೆ ಸರಿ. ಉತ್ತರ ಗೊತ್ತಿಲ್ಲ ಎಂದರೆ ಬೇರೆ ಬಾಟಲಿ ತೆರೆಯಲು ಕೇಳಬಹುದು. ಆ ಬಾರ್‌ನಲ್ಲಿ ಅತಿ ಹೆಚ್ಚು ಖರ್ಚಾಗುವ ವೈನ್ ಯಾವುದೋ ಅದನ್ನೇ ಆರಿಸುವುದು ಇನ್ನೂ ಸುಲಭದ ದಾರಿ. ಬೇಗ ಖಾಲಿಯಾಗುವ ಬಾಟಲಿ ಹಳಸುವುದಿಲ್ಲ.

ಇನ್ನೊಂದು ಉಪಾಯವೂ ಇದೆ. ಕೆಲವು ವೈನರಿಗಳು 375 ಮಿಲಿಯ ಅರ್ಧ ಬಾಟಲಿಗಳನ್ನೂ ಮಾರುತ್ತವೆ. ಸೀಲ್ ಮುರಿಯದ ಅರ್ಧ ಬಾಟಲಿ ಇಬ್ಬರಿಗೆ ಸಾಕು, ಹಳೆಯ ವೈನ್ ಬರುವ ಭಯವೂ ಇಲ್ಲ.

ಗ್ಲಾಸ್‌ನ ಲೆಕ್ಕಾಚಾರ

ಸಾಮಾನ್ಯ ವೈನ್ ಬಾಟಲಿ 750 ಮಿಲಿ. ಒಂದು ಗ್ಲಾಸ್ 150 ಮಿಲಿ ಎಂದರೆ ಐದು ಗ್ಲಾಸ್, 125 ಮಿಲಿ ಎಂದರೆ ಆರು ಗ್ಲಾಸ್. ಪೆಗ್‌ಗೆ 30, 60 ಮಿಲಿ ಎಂಬ ಅಳತೆ ಎಲ್ಲರಿಗೂ ಗೊತ್ತು. ವೈನ್ ಗ್ಲಾಸ್‌ನ ಅಳತೆಯನ್ನು ಮಾತ್ರ ಯಾರೂ ಕೇಳುವುದಿಲ್ಲ.

ಉದಾಹರಣೆಗೆ, ಮೆನುವಿನಲ್ಲಿ ಪೂರ್ತಿ ಬಾಟಲಿಗೆ 1,800 ರೂ., ಗ್ಲಾಸ್‌ಗೆ 450 ರೂ. ಎಂದಿದೆ ಎಂದುಕೊಳ್ಳೋಣ. 150 ಮಿಲಿ ಲೆಕ್ಕದಲ್ಲಿ ಐದು ಗ್ಲಾಸ್‌ಗೆ 2,250 ರೂ. ಆಗುತ್ತದೆ. ಗ್ಲಾಸ್ 125 ಮಿಲಿ ಆದರೆ ಅದೇ ಬಾಟಲಿಗೆ 2,700 ರೂ. ಕೊಟ್ಟಂತೆ. ಮೂರ್ನಾಲ್ಕು ಜನ ಕುಳಿತಾಗ ಬಾಟಲಿಯೇ ಲಾಭ. ಒಬ್ಬರೇ ಒಂದು ಗ್ಲಾಸ್ ಕುಡಿಯುವುದಾದರೆ ಅಳತೆ ಕೇಳಿ ತಿಳಿಯುವುದು ಒಳ್ಳೆಯದು.

ಬೆಲೆ ಏರುವುದು ಎಲ್ಲಿ?

ಅಂಗಡಿಯಲ್ಲಿ ಎಂಆರ್‌ಪಿಗೆ ಸಿಗುವ ಬಾಟಲಿ ಬಾರ್‌ನಲ್ಲಿ ಅದರ ಒಂದೂವರೆ, ಎರಡು ಪಟ್ಟು ಏಕೆ ಎಂಬ ಪ್ರಶ್ನೆ ಸಹಜ. ಹೋಟೆಲ್, ರೆಸ್ಟೋರೆಂಟ್‌ಗಳು ಸೇವೆಯನ್ನೂ ಸೇರಿಸಿ ಕೊಡುವುದರಿಂದ ಬಾಟಲಿ ನೀರಿಗೆ ಎಂಆರ್‌ಪಿಗಿಂತ ಹೆಚ್ಚು ಪಡೆಯಬಹುದು ಎಂದು ಸುಪ್ರೀಂ ಕೋರ್ಟ್ 2017ರ ಡಿಸೆಂಬರ್‌ನಲ್ಲಿ ಹೇಳಿತ್ತು. ಬಾರ್‌ನಲ್ಲೂ ಗ್ರಾಹಕರು ವೈನ್ ಜೊತೆಗೆ ಜಾಗ, ಎಸಿ, ಗ್ಲಾಸ್, ಸಿಬ್ಬಂದಿ ಎಲ್ಲಕ್ಕೂ ಹಣ ಕೊಡುತ್ತಾರೆ. ಆದರೆ ಅಂಗಡಿಯ ಬೆಲೆ ಗೊತ್ತಿದ್ದರೆ ಬಾರ್ ಎಷ್ಟು ಏರಿಸಿದೆ ಎಂಬ ಅಂದಾಜು ಸಿಗುತ್ತದೆ.

ಉಳಿದದ್ದು ತೆರಿಗೆಯ ಆಟ. ಮದ್ಯ ಜಿಎಸ್‌ಟಿ ವ್ಯಾಪ್ತಿಗೆ ಬರುವುದಿಲ್ಲ. ಅಬಕಾರಿ ಸುಂಕ, ವ್ಯಾಟ್ ಎಲ್ಲವೂ ಆಯಾ ರಾಜ್ಯದ ಕೈಯಲ್ಲಿದೆ. ಹೀಗಾಗಿ ಒಂದೇ ಬಾಟಲಿಗೆ ಪುಣೆಯಲ್ಲಿ ಒಂದು ಬೆಲೆ, ದೆಹಲಿಯಲ್ಲಿ ಇನ್ನೊಂದು. ವಿದೇಶದಿಂದ ಬರುವ ವೈನ್ ಮೇಲೆ ಬಹುಕಾಲದಿಂದ ಶೇ.150ರಷ್ಟು ಮೂಲ ಆಮದು ಸುಂಕವಿತ್ತು. 2022ರ ಡಿಸೆಂಬರ್ ಕೊನೆಯಲ್ಲಿ ಜಾರಿಗೆ ಬಂದ ಆಸ್ಟ್ರೇಲಿಯಾ ಒಪ್ಪಂದದಿಂದ ಆ ದೇಶದ ವೈನ್‌ಗಳಿಗೆ ಇದು ಹಂತಹಂತವಾಗಿ ಇಳಿಯುತ್ತಿದೆ. ಆದರೆ ಬಾಟಲಿಯೊಂದಕ್ಕೆ ಐದು ಡಾಲರ್‌ಗಿಂತ ಕಡಿಮೆ ಆಮದು ಬೆಲೆಯ ವೈನ್‌ಗೆ ಈ ರಿಯಾಯಿತಿ ಇಲ್ಲ. ಅಂದರೆ ಸಾಮಾನ್ಯ ಬಾರ್‌ನಲ್ಲಿ 'ಇಂಪೋರ್ಟೆಡ್' ವೈನ್‌ಗೆ ಕೊಡುವ ಹಣದಲ್ಲಿ ದೊಡ್ಡ ಪಾಲು ದ್ರಾಕ್ಷಿಗಲ್ಲ, ಸುಂಕಕ್ಕೆ ಹೋಗುತ್ತದೆ.

ಹತ್ತಿರದ ದ್ರಾಕ್ಷಿ, ಹಗುರ ಬಿಲ್

ಅದೇ ದುಡ್ಡಿಗೆ ದೇಶಿ ವೈನ್ ಆರಿಸಿದರೆ ಸಾಮಾನ್ಯವಾಗಿ ಹೆಚ್ಚಿನ ಗುಣಮಟ್ಟ ಸಿಗುತ್ತದೆ. ಮಹಾರಾಷ್ಟ್ರ 2001ರಲ್ಲಿ, ಕರ್ನಾಟಕ 2007ರಲ್ಲಿ ವೈನ್ ಉದ್ಯಮಕ್ಕೆಂದೇ ನೀತಿ ರೂಪಿಸಿ ಸ್ಥಳೀಯ ವೈನ್‌ಗೆ ಪ್ರೋತ್ಸಾಹ ಕೊಟ್ಟವು. ಹೀಗಾಗಿ ಮುಂಬೈ, ಪುಣೆಯಲ್ಲಿ ನಾಸಿಕ್‌ನ ಸುಲಾ, ಯಾರ್ಕ್, ಸೊಲ್ಲಾಪುರ ಜಿಲ್ಲೆ ಅಕಲೂಜ್‌ನ ಫ್ರಾಟೆಲ್ಲಿ ಮೊದಲ ಆಯ್ಕೆಯಾಗಬಹುದು. ಬೆಂಗಳೂರಿನಲ್ಲಾದರೆ ನಂದಿ ಬೆಟ್ಟದ ತಪ್ಪಲಿನ ಗ್ರೋವರ್ ಜಂಪಾ ಇದೆ. ಚೆನ್ನೈ, ಹೈದರಾಬಾದ್, ದೆಹಲಿಯಲ್ಲಿ ಇವೇ ವೈನ್‌ಗಳು ಹೊರರಾಜ್ಯದ ಸರಕಾಗುವುದರಿಂದ ಬೆಲೆ ಏರಬಹುದು. ಆದರೂ ಆಮದು ವೈನ್‌ಗಿಂತ ಅಗ್ಗವಾಗಿರುವುದೇ ಹೆಚ್ಚು.

'ಪೋರ್ಟ್ ವೈನ್' ಎಂದು ಕಡಿಮೆ ಬೆಲೆಗೆ ಸಿಗುವ ದೇಶಿ ಬಾಟಲಿಗಳು ಬೇರೆಯದೇ ಜಾತಿ. ಅವು ಸಿಹಿ ಕೆಂಪು ವೈನ್‌ಗಳು. ಪೋರ್ಚುಗಲ್‌ನ ಅಸಲಿ ಪೋರ್ಟ್‌ಗೂ ಇವಕ್ಕೂ ಹೆಸರಿನ ನಂಟು ಮಾತ್ರ. ಸಿಹಿ ಇಷ್ಟಪಡುವವರಿಗೆ ಅಡ್ಡಿಯಿಲ್ಲ, ಊಟದ ಜೊತೆ ಒಗರು ವೈನ್ ಬಯಸುವವರಿಗೆ ನಿರಾಸೆ ಖಚಿತ.

ಲೇಬಲ್‌ನಲ್ಲಿ ಏನು ನೋಡಬೇಕು?

* ವರ್ಷ: ದ್ರಾಕ್ಷಿ ಕೊಯ್ದ ವರ್ಷವದು. ಶೆನಿನ್ ಬ್ಲಾಂಕ್, ಸೋವಿನ್ಯೋನ್ ಬ್ಲಾಂಕ್‌ನಂಥ ಬಿಳಿ ವೈನ್‌ಗಳನ್ನು ಹೊಸದಿರುವಾಗಲೇ ಕುಡಿಯಬೇಕು. ನಾಲ್ಕೈದು ವರ್ಷ ಹಳೆಯ ಅಗ್ಗದ ಬಿಳಿ ವೈನ್ ಬೇಡ.

* ಮುಚ್ಚಳ: ತಿರುಗಿಸಿ ತೆಗೆಯುವ ಮುಚ್ಚಳ ಕಳಪೆಯ ಗುರುತಲ್ಲ. ಕಾರ್ಕ್‌ನಿಂದ ಬರುವ ಮುಗ್ಗಲು ವಾಸನೆಯ ಕಾಟ ಇದರಲ್ಲಿಲ್ಲ.

* ಇಟ್ಟ ಜಾಗ: ಬೆಳಕು, ಬಿಸಿ ಎರಡೂ ವೈನ್‌ಗೆ ಶತ್ರು. ಬಲ್ಬಿನ ಕೆಳಗೆ ಶೋಕೇಸ್‌ನಲ್ಲಿ ನಿಂತ ಬಾಟಲಿಗಿಂತ ಫ್ರಿಡ್ಜ್ ಒಳಗಿನದು ಮೇಲು.

ಕೆಂಪು ವೈನ್ ಕೂಡ ತಣ್ಣಗಿರಲಿ

ಕೆಂಪು ವೈನ್ ಅನ್ನು 'ರೂಮ್ ಟೆಂಪರೇಚರ್'ನಲ್ಲಿ ಕುಡಿಯಬೇಕು ಎಂಬ ಮಾತು ಯುರೋಪಿನ ತಣ್ಣನೆಯ ಮನೆಗಳಿಂದ ಬಂದದ್ದು. ಅದರ ಅರ್ಥ 16ರಿಂದ 18 ಡಿಗ್ರಿ. ಮುಂಬೈ, ಚೆನ್ನೈನ 30 ಡಿಗ್ರಿ ಸೆಖೆಯಲ್ಲಿ ಅದೇ ವೈನ್ ಬರೀ ಆಲ್ಕೋಹಾಲ್ ಘಾಟು ಹೊಡೆಯುತ್ತದೆ. ಹದಿನೈದು ನಿಮಿಷ ಐಸ್ ನೀರಿನ ಬಕೆಟ್‌ನಲ್ಲಿಟ್ಟರೆ ಸಾಧಾರಣ ವೈನ್ ಕೂಡ ಹಿತವಾಗುತ್ತದೆ. ಇದಕ್ಕೆ ಒಂದು ರೂಪಾಯಿಯೂ ಹೆಚ್ಚು ಖರ್ಚಿಲ್ಲ.

ಖಾರದ ಚಿಕನ್ ಘೀ ರೋಸ್ಟ್ ಜೊತೆ ತುಂಬಾ ಒಗರಿನ ಕೆಂಪು ವೈನ್ ಬಾಯಿ ಉರಿಸುತ್ತದೆ. ತುಸು ಸಿಹಿ ಇರುವ ಶೆನಿನ್ ಬ್ಲಾಂಕ್ ಅಲ್ಲಿ ಒಗ್ಗುತ್ತದೆ. ಮೀನಿನ ರವಾ ಫ್ರೈಗೆ ಹುಳಿ ಮುಂದಿರುವ ಸೋವಿನ್ಯೋನ್ ಬ್ಲಾಂಕ್ ಸರಿ.

ಕೆಟ್ಟಿದ್ದರೆ ಮರಳಿಸಬಹುದು

ಬಾಟಲಿ ತೆರೆದಾಗ ಒಂದು ಗುಟುಕು ಹಾಕಿ ಕೊಡುವುದು ಶೋಕಿಗಲ್ಲ, ವೈನ್ ಕೆಟ್ಟಿದೆಯೇ ಎಂದು ನೋಡಲು. ವಿನೆಗರ್ ವಾಸನೆ, ಒದ್ದೆ ರಟ್ಟಿನ ವಾಸನೆ, ಕತ್ತರಿಸಿಟ್ಟು ಕಂದಾದ ಸೇಬಿನ ವಾಸನೆ ಇದ್ದರೆ ತಕ್ಷಣ ಹೇಳಬೇಕು. ಅರ್ಧ ಗ್ಲಾಸ್ ಕುಡಿದ ಮೇಲೆ ಹೇಳಿದರೆ ವಾದಕ್ಕೆ ಬಲವಿರುವುದಿಲ್ಲ. 'ರುಚಿ ಹಿಡಿಸಲಿಲ್ಲ' ಎನ್ನುವುದು ಮರಳಿಸಲು ಕಾರಣವಾಗದು.

ಬಿಲ್ ಬಂದಾಗ ಸೇವಾ ಶುಲ್ಕದ ಸಾಲನ್ನು ನೋಡುವುದು ಒಳಿತು. ರೆಸ್ಟೋರೆಂಟ್‌ಗಳು ಇದನ್ನು ತಾವಾಗಿಯೇ ಸೇರಿಸುವಂತಿಲ್ಲ ಎಂದು ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲಿ ಮಾರ್ಗಸೂಚಿ ಹೊರಡಿಸಿತ್ತು. ದೆಹಲಿ ಹೈಕೋರ್ಟ್ 2025ರ ಮಾರ್ಚ್‌ನಲ್ಲಿ ಅದನ್ನು ಎತ್ತಿಹಿಡಿಯಿತು.

ಒಂದು ಗ್ಲಾಸ್ ಎಂದರೆ ಎಷ್ಟು?

ವೈನ್ ಹಣ್ಣಿನ ರಸವಲ್ಲ. ಶೇ.13 ಆಲ್ಕೋಹಾಲ್ ಇರುವ 150 ಮಿಲಿ ವೈನ್, ಸುಮಾರು 45 ಮಿಲಿ ವಿಸ್ಕಿಗೆ ಸಮ. ಅಂದರೆ ಒಂದೂವರೆ ಸಣ್ಣ ಪೆಗ್. ವಾಹನ ಚಾಲಕರ ರಕ್ತದಲ್ಲಿ 100 ಮಿಲಿಗೆ 30 ಮಿಲಿಗ್ರಾಂ ಮೀರಿ ಆಲ್ಕೋಹಾಲ್ ಇದ್ದರೆ ಅಪರಾಧ. ಕುಡಿಯುವ ಕಾನೂನುಬದ್ಧ ವಯಸ್ಸು ದೆಹಲಿಯಲ್ಲಿ 25, ತಮಿಳುನಾಡು ಮತ್ತು ತೆಲಂಗಾಣದಲ್ಲಿ 21. ಆಲ್ಕೋಹಾಲ್‌ನ ಯಾವ ಪ್ರಮಾಣವೂ ಆರೋಗ್ಯಕ್ಕೆ ಸುರಕ್ಷಿತವಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳಿದೆ. ಉಳಿಸಿದ ಹಣದಲ್ಲಿ ಇನ್ನೊಂದು ಗ್ಲಾಸ್ ತರಿಸುವ ಬದಲು ಮನೆಗೆ ಹೋಗಲು ಆಟೋ ಹಿಡಿದರೆ ಅದೇ ಆ ಸಂಜೆಯ ಅತ್ಯಂತ ಲಾಭದ ಖರ್ಚು.