ಪಾಲುಪಟ್ಟಿಯಾದ ಒಪ್ಪಂದ: ಪೂರ್ವ ಆಫ್ರಿಕಾ ಸಮುದಾಯದ ಎರಡು ಜನ್ಮಗಳು

ನೆರೆಯ ದೇಶಗಳ ಒಕ್ಕೂಟ ಎಂದೊಡನೆ ನಮ್ಮ ಅಧ್ಯಯನಗಳು ಯುರೋಪಿನತ್ತ ತಿರುಗುತ್ತವೆ. ಒಕ್ಕೂಟಗಳು ಹೇಗೆ ಮುರಿಯುತ್ತವೆ ಎಂಬುದನ್ನು ತಿಳಿಯಲು ಪೂರ್ವ ಆಫ್ರಿಕಾ ಹೆಚ್ಚು ನೆರವಾಗುತ್ತದೆ.

ಕೀನ್ಯಾ, ಉಗಾಂಡ, ತಾಂಜಾನಿಯಗಳು 1967ರಲ್ಲಿ ಪೂರ್ವ ಆಫ್ರಿಕಾ ಸಮುದಾಯವನ್ನು ಕಟ್ಟಿದವು ಎಂದು ಸಾಮಾನ್ಯವಾಗಿ ಬರೆಯುತ್ತಾರೆ. ‘ಕಟ್ಟಿದವು’ ಎಂಬ ಮಾತು ಪೂರ್ತಿ ಸರಿಯಲ್ಲ. ಬ್ರಿಟಿಷರ ಆಳ್ವಿಕೆಯಲ್ಲಿ, 1927ರ ಹೊತ್ತಿಗೇ, ಮೂರೂ ಪ್ರದೇಶಗಳು ಒಂದೇ ಸುಂಕ ವ್ಯವಸ್ಥೆಯೊಳಗಿದ್ದವು. ರೈಲು, ಅಂಚೆ, ವಿಮಾನಯಾನ, ನಾಣ್ಯಗಳೂ ಒಂದಾದವು. ಸ್ವಾತಂತ್ರ್ಯದ ಹೊಸ್ತಿಲಲ್ಲಿ ಹಂಬಲಕ್ಕೂ ಬರವಿರಲಿಲ್ಲ. ಒಕ್ಕೂಟ ಸಾಧ್ಯವಾಗುವುದಾದರೆ ತಮ್ಮ ದೇಶದ ಸ್ವಾತಂತ್ರ್ಯವನ್ನೇ ಸ್ವಲ್ಪ ಮುಂದೂಡಲು ಸಿದ್ಧ ಎಂದು 1960ರಲ್ಲಿ, ಮುಂದೆ ತಾಂಜಾನಿಯದ ಅಧ್ಯಕ್ಷರಾದ ಜೂಲಿಯಸ್ ನ್ಯೆರೆರೆ ಹೇಳಿದ್ದರು. 1963ರ ಜೂನ್‌ನಲ್ಲಿ ಮೂವರು ನಾಯಕರು ನೈರೋಬಿಯಲ್ಲಿ ಆ ವರ್ಷವೇ ರಾಜಕೀಯ ಒಕ್ಕೂಟ ರಚಿಸುವುದಾಗಿ ಸಾರಿದರು. ಅದು ಆಗಲಿಲ್ಲ, 1966ರಲ್ಲಿ ಮೂರು ದೇಶಗಳೂ ಪ್ರತ್ಯೇಕ ಕೇಂದ್ರ ಬ್ಯಾಂಕುಗಳನ್ನು ತೆರೆದವು. ಹೀಗಿರುವಾಗ 1967ರ ಒಪ್ಪಂದವನ್ನು ಕೂಡಿಕೆಯ ಪತ್ರ ಎನ್ನುವುದಕ್ಕಿಂತ, ಒಡೆಯುತ್ತಿದ್ದ ಅವಿಭಕ್ತ ಕುಟುಂಬದ ಪಾಲುಪಟ್ಟಿ ಎಂದು ಓದುವುದೇ ಹೆಚ್ಚು ಸರಿ.

ಅದರ ಕಲಮುಗಳೇ ಇದಕ್ಕೆ ಸಾಕ್ಷಿ. ಕೇಂದ್ರ ಕಚೇರಿ ಅರೂಷಾಕ್ಕೆ, ರೈಲ್ವೆ ನೈರೋಬಿಗೆ, ಬಂದರುಗಳ ಆಡಳಿತ ದಾರ್ ಎಸ್ ಸಲಾಮ್‌ಗೆ, ಅಂಚೆ ಮತ್ತು ಅಭಿವೃದ್ಧಿ ಬ್ಯಾಂಕು ಕಂಪಾಲಾಕ್ಕೆ. ಕೈಗಾರಿಕೆಯಲ್ಲಿ ಮುಂದಿದ್ದ ಕೀನ್ಯಾದ ಸರಕು ನೆರೆಯ ಮಾರುಕಟ್ಟೆಗಳನ್ನು ತುಂಬುತ್ತಿತ್ತು. ಒಳವ್ಯಾಪಾರದಲ್ಲಿ ಕೊರತೆ ಅನುಭವಿಸುವ ದೇಶ ನೆರೆಯವರ ತಯಾರಿಕಾ ಸರಕಿನ ಮೇಲೆ ‘ವರ್ಗಾವಣೆ ತೆರಿಗೆ’ ಹಾಕಬಹುದೆಂಬ ಅವಕಾಶ ಬಂದದ್ದು ಇದಕ್ಕಾಗಿಯೇ. ಮುಕ್ತ ಮಾರುಕಟ್ಟೆಯ ಒಳಗೇ ಸುಂಕದ ಗೋಡೆ ಎಬ್ಬಿಸುವ ಈ ವಿಚಿತ್ರ ಉಪಾಯ ಅಸಮಾಧಾನವನ್ನು ತಣಿಸಲಿಲ್ಲ.

ಅಂತಿಮ ತೀರ್ಮಾನವೆಲ್ಲ ಮೂವರು ಅಧ್ಯಕ್ಷರ ಪ್ರಾಧಿಕಾರದ ಕೈಯಲ್ಲಿತ್ತು. 1971ರಲ್ಲಿ ಇದಿ ಅಮೀನ್ ಉಗಾಂಡದಲ್ಲಿ ಅಧಿಕಾರ ಕಸಿದುಕೊಂಡ. ಅವನೊಡನೆ ಕೂರಲು ನ್ಯೆರೆರೆ ಒಪ್ಪಲಿಲ್ಲ. ಪ್ರಾಧಿಕಾರ ಮತ್ತೆ ಸಭೆ ಸೇರಲಿಲ್ಲ. 1977ರ ಆರಂಭದಲ್ಲಿ ಜಂಟಿ ವಿಮಾನಯಾನ ಸಂಸ್ಥೆ ನಿಂತಿತು, ಕೀನ್ಯಾ ತನ್ನದೇ ಸಂಸ್ಥೆ ತೆರೆಯಿತು, ತಾಂಜಾನಿಯ ಗಡಿ ಮುಚ್ಚಿತು. ಹೀಗೆ ಮುರಿದ ಸಮುದಾಯದ ಆಸ್ತಿ, ಸಾಲಗಳ ಹಂಚಿಕೆ ಇತ್ಯರ್ಥವಾಗಲು 1984ರವರೆಗೆ ಕಾಯಬೇಕಾಯಿತು. ಅಭಿವೃದ್ಧಿ ಬ್ಯಾಂಕಿನಂಥ ಕೆಲವು ಸಂಸ್ಥೆಗಳು ಮಾತ್ರ ಉಳಿದುಕೊಂಡವು.

1999ರಲ್ಲಿ ಸಹಿಯಾದ ಹೊಸ ಒಪ್ಪಂದದ ಪೀಠಿಕೆ ಹಳೆಯ ಸೋಲಿನ ಕಾರಣಗಳನ್ನು ಹೆಸರಿಸುತ್ತದೆ. ಲಾಭದ ಅಸಮ ಹಂಚಿಕೆ ಅವುಗಳಲ್ಲೊಂದು. ಇಂಥ ತಪ್ಪೊಪ್ಪಿಗೆ ಅಂತರರಾಷ್ಟ್ರೀಯ ಒಪ್ಪಂದಗಳಲ್ಲಿ ಅಪರೂಪ. ಅದರಿಂದ ಕಲಿತದ್ದೂ ಉಂಟು: 2005ರ ಸುಂಕ ಒಕ್ಕೂಟದಲ್ಲಿ ಉಗಾಂಡ, ತಾಂಜಾನಿಯಗಳ ಸರಕಿಗೆ ಕೀನ್ಯಾ ಕೂಡಲೇ ಬಾಗಿಲು ತೆರೆಯಿತು, ಕೀನ್ಯಾದ ಕೆಲವು ಸರಕುಗಳ ಮೇಲಿನ ಸುಂಕ ಐದು ವರ್ಷಗಳಲ್ಲಿ ಹಂತಹಂತವಾಗಿ ಇಳಿಯಿತು. ಹಿಂದುಳಿದವರಿಗೆ ಕಾಲಾವಕಾಶ ಕೊಡುವ ಈ ಕ್ರಮ ವರ್ಗಾವಣೆ ತೆರಿಗೆಗಿಂತ ಜಾಣತನದ್ದು.

ತೀರ್ಮಾನದ ಕ್ರಮ ಮಾತ್ರ ಬದಲಾಗಲಿಲ್ಲ. ಈಗಲೂ ಶೃಂಗಸಭೆಯೇ ಪರಮೋಚ್ಚ, ಸರ್ವಸಮ್ಮತಿಯೇ ನಿಯಮ. ಸೊಮಾಲಿಯ ಸೇರಿದ ಮೇಲೆ ಸದಸ್ಯರು ಎಂಟು. 2024ಕ್ಕೆ ಗುರಿಯಿಟ್ಟಿದ್ದ ಒಂದೇ ನಾಣ್ಯ ಬರಲಿಲ್ಲ. 2025ರ ಜನವರಿಯಲ್ಲಿ ಪೂರ್ವ ಕಾಂಗೋದ ಕಾಳಗದ ಬಗ್ಗೆ ಚರ್ಚಿಸಲು ತುರ್ತು ಶೃಂಗಸಭೆ ಕರೆದಾಗ, ಅದರಲ್ಲಿ ಸದಸ್ಯ ದೇಶವಾದ ಕಾಂಗೋದ ಅಧ್ಯಕ್ಷರೇ ಭಾಗವಹಿಸಲಿಲ್ಲ.