ಜಾಮೀನು ಮತ್ತು ಅದಕ್ಕೆ ತಡೆಯಾಜ್ಞೆ: ನಾವು ತಿಳಿದಿರಬೇಕಾದದ್ದು

ಜಾಮೀನು ಸಿಕ್ಕಿತೆಂದು ಮನೆಯವರು ಜೈಲಿಗೆ ಹೋದಾಗ, ಮೇಲಿನ ಕೋರ್ಟು ತಡೆ ನೀಡಿದ ಸುದ್ದಿ ಬರುವುದುಂಟು. ಆಗ ಅವರು ವಾಳೆಯ ಗುರಿಕಾರರನ್ನೋ ಧರ್ಮಗುರುಗಳನ್ನೋ ಕೇಳುತ್ತಾರೆ. ಆದ್ದರಿಂದ ಈ ಮಾಹಿತಿ ನೀಡುತ್ತಿದ್ದೇವೆ.

2024ರ ಜುಲೈ 1ರಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಜಾರಿಯಲ್ಲಿದೆ. ಜಾಮೀನು ನೀಡಬಹುದಾದ ಅಪರಾಧಗಳಲ್ಲಿ ಜಾಮೀನು ಆರೋಪಿಯ ಹಕ್ಕು. ಉಳಿದವುಗಳಲ್ಲಿ ಕೋರ್ಟು ಆರೋಪದ ಗಂಭೀರತೆ, ಮೇಲ್ನೋಟದ ಸಾಕ್ಷ್ಯ, ಆರೋಪಿ ತಲೆಮರೆಸಿಕೊಳ್ಳುವ ಅಥವಾ ಸಾಕ್ಷಿಗಳನ್ನು ಬೆದರಿಸುವ ಸಾಧ್ಯತೆಯನ್ನು ನೋಡುತ್ತದೆ.

ಸೆಷನ್ಸ್ ಕೋರ್ಟು ಜಾಮೀನು ಕೊಟ್ಟರೆ ಸರಕಾರ ಅದನ್ನು ಹೈಕೋರ್ಟಿನಲ್ಲಿ ಪ್ರಶ್ನಿಸಬಹುದು. ಕಿತ್ತೂರು ಸೀಮೆಯ ದೇಗಾಂವದ ಪ್ರಕರಣ ಧಾರವಾಡ ಪೀಠಕ್ಕೆ, ಮಂಗಳೂರು, ಉಡುಪಿಯದು ಬೆಂಗಳೂರಿಗೆ ಹೋಗುತ್ತದೆ. ಕಾನೂನು ಮಾತ್ರ ಒಂದೇ.

ತಡೆ ಬೇರೆ, ರದ್ದು ಬೇರೆ. ತಡೆಯೆಂದರೆ ವಿಚಾರಣೆ ಮುಗಿಯುವ ತನಕ ಆದೇಶವನ್ನು ನಿಲ್ಲಿಸಿಡುವುದು. ಪರ್ವಿಂದರ್ ಸಿಂಗ್ ಖುರಾನಾ ಪ್ರಕರಣದಲ್ಲಿ 2023ರ ಜೂನ್‌ನಲ್ಲಿ ದೆಹಲಿ ಹೈಕೋರ್ಟು ನೀಡಿದ ತಡೆ ಸುಮಾರು ಒಂದು ವರ್ಷ ಮುಂದುವರಿಯಿತು. 2024ರ ಜುಲೈ 23ರಂದು ಸುಪ್ರೀಂ ಕೋರ್ಟು ಅದನ್ನು ತೆಗೆದುಹಾಕಿ, ಅತಿ ಅಪರೂಪದ ಪ್ರಕರಣಗಳಲ್ಲಿ ಮಾತ್ರ ಇಂತಹ ತಡೆ ಸಲ್ಲುತ್ತದೆ ಎಂದಿತು. ನಮ್ಮ ರಾಜ್ಯದ ನಟ ದರ್ಶನ್ ಪ್ರಕರಣ ಇನ್ನೊಂದು ಬಗೆ. 2024ರ ಡಿಸೆಂಬರ್ 13ರಂದು ಹೈಕೋರ್ಟು ಕೊಟ್ಟ ಜಾಮೀನನ್ನು ಸುಪ್ರೀಂ ಕೋರ್ಟು ತಡೆಯಲಿಲ್ಲ. ವಾದ ಕೇಳಿ 2025ರ ಆಗಸ್ಟ್ 14ರಂದು ರದ್ದುಪಡಿಸಿತು.

ಆದ್ದರಿಂದ ಮೊದಲು ಆದೇಶದ ಪ್ರತಿ ಪಡೆದು, ಅದು ತಡೆಯೋ ರದ್ದೋ ಎಂದು ವಕೀಲರಿಂದ ತಿಳಿಯಿರಿ. ತಡೆಯಾದರೆ, ಅದನ್ನು ತೆರವುಗೊಳಿಸಲು ತಡಮಾಡದೆ ಅರ್ಜಿ ಹಾಕಿಸಿ. ವಕೀಲರನ್ನು ಇಡಲು ಶಕ್ತಿಯಿಲ್ಲದವರು ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರವನ್ನು ಕಾಣಬಹುದು. ಉಚಿತ ಸಹಾಯವಾಣಿ: 15100.