ಕುಲುಮೆ ಆರಿದ ಮೇಲೆ ಮೈದಾನ ಯಾರದು?

ಇವತ್ತಿನ ಸಂಚಿಕೆಯಲ್ಲಿ ಮೂರು ವಿಷಯ ಇದೆ: ಶಾಲೆ, ಹೆದ್ದಾರಿ, ಫುಟ್‌ಬಾಲ್. ಇವಕ್ಕೇನಪ್ಪಾ ಸಂಬಂಧ ಅಂತ ಕೇಳಬಹುದು. ಮಲವಗೊಪ್ಪದಿಂದ ಶುರು ಮಾಡಿ ಅಮೆರಿಕದ ಮಿಡ್‌ವೆಸ್ಟ್‌ವರೆಗೆ ಹೋಗಿ ವಾಪಸ್ ಭದ್ರಾವತಿಗೆ ಬರೋಣ. ಬರುವಷ್ಟರಲ್ಲಿ ಸಂಬಂಧ ತಾನಾಗಿಯೇ ಕಾಣುತ್ತದೆ.

ಶಿವಮೊಗ್ಗದಿಂದ ಭದ್ರಾವತಿಗೆ ಹೊರಟರೆ ವಿದ್ಯಾನಗರ, ಹರಿಗೆ ದಾಟಿದ ಮೇಲೆ ಸಿಗುವುದು ಮಲವಗೊಪ್ಪ. ಕೊಪ್ಪ ಅಂದರೆ ಚಿಕ್ಕ ಹಳ್ಳಿ. ನಮ್ಮ ಕಡೆ ಅದು ಎಷ್ಟೋ ಊರುಗಳ ಬಾಲದಲ್ಲಿ ಗೊಪ್ಪ ಆಗಿ ಕೂತಿದೆ. ಊರಿನ ಮೇಲೆಯೇ ಹೋಗುವ ರಸ್ತೆಗೆ ನಾವೆಲ್ಲ ಬಿ.ಎಚ್. ರಸ್ತೆ ಅಂತೀವಿ. ಬೆಂಗಳೂರು–ಹೊನ್ನಾವರ ರಸ್ತೆ ಅನ್ನುವುದರ ಗಿಡ್ಡ ರೂಪ ಅದು. ಸರ್ಕಾರಿ ದಾಖಲೆಯಲ್ಲಿ ಇದೇ ರಸ್ತೆ ಬಹಳ ಕಾಲ ರಾಷ್ಟ್ರೀಯ ಹೆದ್ದಾರಿ 206 ಆಗಿತ್ತು. 2010ರಲ್ಲಿ ದೇಶದ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಟ್ಟಾಗ ನಮ್ಮ ಭಾಗ 69 ಆಯಿತು. ಜನ ಮಾತ್ರ ಇವತ್ತಿಗೂ ಬಿ.ಎಚ್. ರಸ್ತೆ ಅಂತಲೇ ಹೇಳೋದು. ಮಲವಗೊಪ್ಪದ ತುಂಗಭದ್ರಾ ಸಕ್ಕರೆ ಕಾರ್ಖಾನೆ ಮುಚ್ಚಿ ದಶಕಗಳಾದರೂ ಆ ಜಾಗವನ್ನು ಸಕ್ಕರೆ ಕಾರ್ಖಾನೆ ಅಂತಲೇ ಗುರುತಿಸುತ್ತಾರೆ. ಕಾರ್ಖಾನೆ ಮುಚ್ಚಿದರೂ ಊರಿನ ಬಾಯಲ್ಲಿ ಅದರ ವಿಳಾಸ ಉಳಿದುಬಿಡುತ್ತದೆ.

ಈ ರಸ್ತೆಯಲ್ಲಿ ಇನ್ನೂ ಮುಂದೆ ಹೋದರೆ ಭದ್ರಾವತಿ. ಹಳೆ ಹೆಸರು ಬೆಂಕಿಪುರ. ಬೆಂಕಿಯನ್ನೇ ನಂಬಿ ಬೆಳೆದ ಊರಿಗೆ ಎಷ್ಟು ಹೊಂದುವ ಹೆಸರು ನೋಡಿ! ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಸರ್ ಎಂ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1918ರ ಹೊತ್ತಿಗೆ ಇಲ್ಲಿ ಕಬ್ಬಿಣದ ಕಾರ್ಖಾನೆಯ ಯೋಜನೆ ಗಟ್ಟಿಯಾಯಿತು. 1923ರಲ್ಲಿ ಕುಲುಮೆ ಹೊತ್ತಿತು. ಅದಿರು ಕೆಮ್ಮಣ್ಣುಗುಂಡಿಯ ಬೆಟ್ಟದಿಂದ, ಇದ್ದಿಲು ಮಲೆನಾಡಿನ ಕಾಡಿನಿಂದ, ನೀರು ಭದ್ರೆಯಿಂದ. ಕಲ್ಲಿದ್ದಲು ನಮ್ಮಲ್ಲಿ ಇರಲಿಲ್ಲ, ಅದಕ್ಕೇ ಸೌದೆಯ ಇದ್ದಿಲಿನಲ್ಲಿ ಕಬ್ಬಿಣ ಕರಗಿಸುವ ಲೆಕ್ಕಾಚಾರ. ಸೌದೆ ಸುಡುವಾಗ ಬರುವ ಹೊಗೆಯನ್ನೂ ಬಿಡದೆ ಭಟ್ಟಿ ಇಳಿಸಿ ರಾಸಾಯನಿಕ ತೆಗೆಯುತ್ತಿದ್ದರು.

ಕಾರ್ಖಾನೆಗೆ ಸಲಹೆ ಕೊಟ್ಟದ್ದು ನ್ಯೂಯಾರ್ಕಿನ ಪೆರಿನ್ ಅಂಡ್ ಮಾರ್ಷಲ್ ಅನ್ನುವ ಎಂಜಿನಿಯರುಗಳ ಸಂಸ್ಥೆ. ಟಾಟಾದವರ ಜಮ್ಶೆಡ್‌ಪುರದ ಉಕ್ಕಿನ ಕೆಲಸದಲ್ಲೂ ಪೆರಿನ್ ಇದ್ದರು. ಮಿಡ್‌ವೆಸ್ಟ್‌ನ ಮಿಷಿಗನ್ ರಾಜ್ಯದಲ್ಲೂ ಹೆಚ್ಚುಕಡಿಮೆ ಅದೇ ಕಾಲದಲ್ಲಿ ಇದೇ ಥರದ ಕೆಲಸ ನಡೆಯುತ್ತಿತ್ತು. ಕಾಡು, ಅದಿರು, ಇದ್ದಿಲು. ಅಲ್ಲಿನ ಐರನ್ ಮೌಂಟನ್ ಊರಿನ ಪಕ್ಕದಲ್ಲಿ ಹೆನ್ರಿ ಫೋರ್ಡ್ 1920ರ ದಶಕದಲ್ಲಿ ಸೌದೆ ಭಟ್ಟಿ ಕಟ್ಟಿಸಿದ. ಬೆಂಕಿಪುರಕ್ಕೂ ಐರನ್ ಮೌಂಟನ್‌ಗೂ ಮಧ್ಯೆ ಅರ್ಧ ಭೂಮಿಯಷ್ಟು ದೂರ ಇದ್ದರೂ ಕೆಲಸ ಮಾತ್ರ ಒಂದೇ.

ನಾನು ಬಿ.ಕಾಂ ಓದಿದ್ದು, ಹಾಗಾಗಿ ಯಾವ ಇತಿಹಾಸ ಓದಿದರೂ ಕಣ್ಣು ಲೆಕ್ಕದ ಪುಸ್ತಕದ ಕಡೆ ಹೋಗುತ್ತೆ. ಭದ್ರಾವತಿ ಕಾರ್ಖಾನೆ ಮೊದಲ ವರ್ಷಗಳಲ್ಲಿ ನಷ್ಟದಲ್ಲಿತ್ತು. ಬೀಡುಕಬ್ಬಿಣದ ಬೆಲೆ ಕುಸಿದಿತ್ತು, ಬಿಳಿ ಆನೆ ಸಾಕಿದ ಹಾಗಾಯಿತು ಅನ್ನುವ ಟೀಕೆಗೆ ಬರ ಇರಲಿಲ್ಲ. 1923ರಿಂದ 1929ರವರೆಗೆ ವಿಶ್ವೇಶ್ವರಯ್ಯನವರೇ ಆಡಳಿತ ಮಂಡಳಿಯ ಅಧ್ಯಕ್ಷರಾಗಿ ಅದನ್ನು ದಾರಿಗೆ ತಂದರು. ಈ ಸೇವೆಗೆ ಸರ್ಕಾರ ಕೊಡಬೇಕಿದ್ದ ಸಂಭಾವನೆಯನ್ನು ಅವರು ಇಟ್ಟುಕೊಳ್ಳಲಿಲ್ಲ. ಆ ದುಡ್ಡು ಒಂದು ವೃತ್ತಿ ಶಿಕ್ಷಣ ಶಾಲೆಗೆ ಹೋಯಿತು. 1943ರಲ್ಲಿ ಶುರುವಾದ ಜಯಚಾಮರಾಜೇಂದ್ರ ಆಕ್ಯುಪೇಷನಲ್ ಇನ್‌ಸ್ಟಿಟ್ಯೂಟ್ ಅದು. ಎಲ್ಲರೂ ಇದನ್ನು ತ್ಯಾಗದ ಕಥೆಯಾಗಿ ಹೇಳುತ್ತಾರೆ, ತ್ಯಾಗ ಹೌದು ಕೂಡ. ಆದರೆ ಶಾಲೆ ಆಗಿದ್ದು ಬೆಂಗಳೂರಿನಲ್ಲಿ. ಕುಲುಮೆಯ ಸೆಕೆ ಭದ್ರಾವತಿಗೆ, ಶಾಲೆ ರಾಜಧಾನಿಗೆ. ಇದನ್ನೂ ಕಥೆಯ ಜೊತೆ ಹೇಳಬೇಕು ಅನ್ನಿಸುತ್ತೆ.

ಹಾಗಂತ ಭದ್ರಾವತಿಗೆ ಏನೂ ಸಿಗಲಿಲ್ಲ ಅಂತಲ್ಲ. ಕಬ್ಬಿಣದ ಕಾರ್ಖಾನೆಯ ನ್ಯೂಟೌನ್, 1936ರಲ್ಲಿ ಸ್ಥಾಪನೆಯಾದ ಮೈಸೂರು ಕಾಗದ ಕಾರ್ಖಾನೆಯ ಕಾಗದನಗರ, ಇವೆರಡೂ ಬರೀ ಕ್ವಾರ್ಟರ್ಸ್ ಸಾಲುಗಳಲ್ಲ. ಆಸ್ಪತ್ರೆ, ಶಾಲೆ, ಕ್ಲಬ್ಬು, ಮೈದಾನ ಎಲ್ಲ ಇದ್ದ ಊರೊಳಗಿನ ಊರುಗಳು. ಅಪ್ಪ ಸೈರನ್ ಕೇಳಿ ಡ್ಯೂಟಿಗೆ ಹೋದರೆ ಮಕ್ಕಳು ಅದೇ ಸೈರನ್ ಕೇಳಿ ಸ್ಕೂಲಿಗೆ ಹೊರಡುತ್ತಿದ್ದರು. ಆದರೆ ಕಂಪನಿಯ ಲೆಕ್ಕದಲ್ಲಿ ಇವೆಲ್ಲ ಯಾವ ಕಾಲಂನಲ್ಲಿ ಬರುತ್ತವೆ? ಕಾರ್ಮಿಕ ಕಲ್ಯಾಣದ ವೆಚ್ಚ. ಅಂದರೆ ಖರ್ಚು. ಲಾಭ ಇದ್ದಾಗ ಖರ್ಚನ್ನು ಯಾರೂ ಕೇಳಲ್ಲ. ನಷ್ಟ ಬಂದಾಗ ಮೊದಲು ಕತ್ತರಿ ಬೀಳೋದು ಅದಕ್ಕೇ.

ಈಗ ಮಿಡ್‌ವೆಸ್ಟ್‌ಗೆ ಬನ್ನಿ. ಅವರ ಫುಟ್‌ಬಾಲ್ ಬೇರೆ, ಚೆಂಡನ್ನು ಕಂಕುಳಲ್ಲಿ ಹಿಡಿದು ಓಡುವ ಆಟ. ಅದು ಬೆಳೆದದ್ದೂ ಕಾರ್ಖಾನೆ ಊರುಗಳಲ್ಲಿಯೇ. ವಿಸ್ಕಾನ್ಸಿನ್ ರಾಜ್ಯದ ಗ್ರೀನ್ ಬೇ ಅನ್ನುವ ಚಿಕ್ಕ ಊರಲ್ಲಿ 1919ರಲ್ಲಿ ಒಂದು ಮಾಂಸ ಪ್ಯಾಕಿಂಗ್ ಕಂಪನಿ ಅಂಗಿಗಳಿಗೆ ದುಡ್ಡು ಕೊಟ್ಟಿತು, ತಂಡದ ಹೆಸರು ಪ್ಯಾಕರ್ಸ್ ಆಯಿತು. ಇಲಿನಾಯ್ ರಾಜ್ಯದ ಡಿಕೇಟರ್ ಊರಲ್ಲಿ ಸ್ಟೇಲಿ ಅನ್ನುವ ಗಂಜಿಪುಡಿ ಕಾರ್ಖಾನೆ 1919ರಲ್ಲಿ ತಂಡ ಕಟ್ಟಿತು, ಹೆಸರು ಸ್ಟೇಲೀಸ್. ಇಲ್ಲಿಂದ ಎರಡು ದಾರಿ. ಸ್ಟೇಲಿ ಕಂಪನಿಗೆ ತಂಡದ ಖರ್ಚು ಭಾರ ಆಯಿತು. 1921ರಲ್ಲಿ ತಂಡ ಷಿಕಾಗೋಗೆ ಹೋಯಿತು, ಮುಂದೆ ಷಿಕಾಗೋ ಬೇರ್ಸ್ ಆಗಿ ಜಗತ್ತಿಗೆ ಗೊತ್ತಾಯಿತು. ಡಿಕೇಟರ್‌ಗೆ ನೆನಪು ಮಾತ್ರ ಉಳಿಯಿತು. ಗ್ರೀನ್ ಬೇ ಊರಿನವರು 1923ರಲ್ಲಿ ತಂಡದ ಷೇರು ಮಾರಾಟಕ್ಕಿಟ್ಟು, ಒಂದಕ್ಕೆ 5 ಡಾಲರ್‌ನಂತೆ ತಾವೇ ಕೊಂಡುಕೊಂಡರು. ಆ ಷೇರಿಗೆ ಡಿವಿಡೆಂಡ್ ಇಲ್ಲ, ಲಾಭಕ್ಕೆ ಮಾರುವ ಹಾಗೂ ಇಲ್ಲ. ನಮ್ಮ ಕಾಮರ್ಸ್ ಪುಸ್ತಕದ ಪ್ರಕಾರ ಅದು ಪೂರ್ತಿ ದಂಡದ ಹೂಡಿಕೆ! ಆದರೆ ನೂರು ವರ್ಷ ಆದಮೇಲೂ ಆ ತಂಡ ಅದೇ ಚಿಕ್ಕ ಊರಲ್ಲಿದೆ. ಭದ್ರಾವತಿಯಲ್ಲಿ ಕುಲುಮೆ ಹೊತ್ತಿದ್ದು, ಗ್ರೀನ್ ಬೇ ಜನ ಷೇರು ಕೊಂಡಿದ್ದು, ಎರಡೂ 1923ರಲ್ಲೇ.

ನಮ್ಮ ಫುಟ್‌ಬಾಲ್ ಕಥೆಗೂ ನೌಕರಿಗೂ ಗಂಟು ಇದೆ. ಬೆಂಗಳೂರಿನ ದಂಡು ಪ್ರದೇಶದಲ್ಲಿ ಹುಟ್ಟಿದ ಆಟ ಅದು. 1937ರಲ್ಲಿ ಬೆಂಗಳೂರು ಮುಸ್ಲಿಮ್ಸ್ ತಂಡ ರೋವರ್ಸ್ ಕಪ್ ಗೆದ್ದಾಗ, ಆ ಕಪ್ಪು ಗೆದ್ದ ಮೊದಲ ಭಾರತೀಯ ತಂಡ ಅದಾಯಿತು. 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಭಾರತದ ಮೊದಲ ಗೋಲು ಹೊಡೆದ ಸಾರಂಗಪಾಣಿ ರಾಮನ್ ಬೆಂಗಳೂರಿನವರೇ. ಆಮೇಲೆ ಎಚ್‌ಎಎಲ್, ಐಟಿಐನಂಥ ಸಾರ್ವಜನಿಕ ಉದ್ದಿಮೆಗಳು ಆಟಗಾರರಿಗೆ ಕೆಲಸ ಕೊಟ್ಟು ತಂಡ ಕಟ್ಟಿದವು. ಮೈಸೂರು ರಾಜ್ಯ ನಾಲ್ಕು ಸಲ ಸಂತೋಷ್ ಟ್ರೋಫಿ ಗೆದ್ದಿತ್ತು, ಕೊನೆಯದು 1968–69ರಲ್ಲಿ. ಮತ್ತೆ ಕಪ್ಪು ಬರೋಕೆ 54 ವರ್ಷ ಬೇಕಾಯಿತು. 2023ರ ಮಾರ್ಚ್‌ನಲ್ಲಿ ರಿಯಾದ್‌ನಲ್ಲಿ ನಡೆದ ಫೈನಲ್‌ನಲ್ಲಿ ಕರ್ನಾಟಕ 3–2ರಿಂದ ಮೇಘಾಲಯವನ್ನು ಸೋಲಿಸಿತು. ಭದ್ರಾವತಿಯ ಹೆಸರು ಜಗತ್ತಿಗೆ ಮುಟ್ಟಿದ್ದು ಕ್ರಿಕೆಟ್‌ನಿಂದ. 91 ಟೆಸ್ಟ್, 6,080 ರನ್ನಿನ ಜಿ.ಆರ್. ವಿಶ್ವನಾಥ್ 1949ರಲ್ಲಿ ಹುಟ್ಟಿದ್ದು ಇಲ್ಲಿ. ಆಟ ಬೆಳೆದದ್ದು ಬೆಂಗಳೂರಿನಲ್ಲಿ, ನೌಕರಿ ಸ್ಟೇಟ್ ಬ್ಯಾಂಕಿನಲ್ಲಿ. ಮಗು ಹುಟ್ಟೋದು ಚಿಕ್ಕ ಊರಲ್ಲಿ, ಆಟಗಾರ ಆಗೋದು ದೊಡ್ಡ ಊರಲ್ಲಿ. ಈ ಏಣಿ ಹತ್ತೋಕೆ ಶಾಲೆ, ಮೈದಾನ, ನೌಕರಿ, ಮೂರು ಮೆಟ್ಟಿಲೂ ಬೇಕು.

ಮೊದಲ ಮೆಟ್ಟಿಲು ಶಾಲೆ. ಮೈಸೂರು ಸಂಸ್ಥಾನ 1913ರಲ್ಲೇ ಪ್ರಾಥಮಿಕ ಶಿಕ್ಷಣದ ಕಾನೂನು ತಂದಿತ್ತು. ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಆರು ವರ್ಷದಲ್ಲಿ ಶಾಲೆಗಳ ಸಂಖ್ಯೆ ಸುಮಾರು 4,500ರಿಂದ 10,500ಕ್ಕೆ ಏರಿತು. ಅಮೆರಿಕದಲ್ಲಿ ನಡೆದದ್ದು ಇದರ ಉಲ್ಟಾ. 1939–40ರಲ್ಲಿ ಅಲ್ಲಿ 1,17,000ಕ್ಕೂ ಹೆಚ್ಚು ಶಾಲಾ ಜಿಲ್ಲೆಗಳಿದ್ದವು, ಈಗ ಸುಮಾರು 13,000. ಮಕ್ಕಳು ಕಡಿಮೆ ಅಂತ ಎರಡು ಊರಿನ ಶಾಲೆ ಒಂದು ಮಾಡುತ್ತಾರೆ. ಆಗ ಹೋಗೋದು ಕಟ್ಟಡ ಒಂದೇ ಅಲ್ಲ. ಶುಕ್ರವಾರ ರಾತ್ರಿ ಊರಿಗೆ ಊರೇ ಸೇರುತ್ತಿದ್ದ ಶಾಲಾ ತಂಡ, ಅದರ ಬಣ್ಣ, ಅದರ ಹೆಸರು ಎಲ್ಲ ಹೋಗುತ್ತವೆ. 1934ರಲ್ಲಿ ನೆಬ್ರಾಸ್ಕಾದ ಸ್ಟೀಫನ್ ಎಪ್ಲರ್ ಅನ್ನುವ ಮೇಷ್ಟ್ರು, ಹನ್ನೊಂದು ಹುಡುಗರು ಸಿಗದ ಶಾಲೆಗಳಿಗಾಗಿಯೇ ಆರು ಜನರ ಫುಟ್‌ಬಾಲ್ ರೂಪಿಸಿದರು. ಮಕ್ಕಳು ಕಡಿಮೆ ಆದರೆ ಆಟವನ್ನೇ ಚಿಕ್ಕದು ಮಾಡೋಣ, ಶಾಲೆ ಮುಚ್ಚೋದು ಬೇಡ ಅನ್ನುವ ಜಾಣತನ ಅದು.

ನಮ್ಮಲ್ಲೂ ಹೋಬಳಿ, ತಾಲ್ಲೂಕು, ಜಿಲ್ಲೆ, ವಿಭಾಗ, ರಾಜ್ಯ ಅಂತ ಶಾಲಾ ಕ್ರೀಡೆಗೆ ಮೆಟ್ಟಿಲು ಇದೆ. ಮಕ್ಕಳು ಕಡಿಮೆ ಇರುವ ಸರ್ಕಾರಿ ಶಾಲೆಗೆ ಕಬಡ್ಡಿಗೆ ಏಳು ಜನ ಹೊಂದಿಸುವುದೇ ಸಾಹಸ. ಒಂದರಿಂದ ಐದರವರೆಗಿನ ಶಾಲೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟು ಮೂರು ಕಿಲೋಮೀಟರ್ ಒಳಗೆ ಇರಬೇಕು ಅಂತ ಶಿಕ್ಷಣ ಹಕ್ಕಿನ ನಿಯಮ ಹೇಳುತ್ತದೆ. ಕಾಗದದ ಮೇಲೆ ಒಂದು ಕಿಲೋಮೀಟರ್ ಅಂದರೆ ನೇರ ಗೆರೆ. ಆ ಗೆರೆಯ ಮಧ್ಯೆ ನಾಲ್ಕು ಪಥದ ಹೆದ್ದಾರಿ ಬಂದರೆ?

ಹೆದ್ದಾರಿಯ ಪ್ರಶ್ನೆ ಇಲ್ಲೇ ಬರೋದು. ಅಮೆರಿಕ 1956ರಲ್ಲಿ ಕಾನೂನು ಮಾಡಿ 41,000 ಮೈಲಿಯ ಅಂತರರಾಜ್ಯ ಹೆದ್ದಾರಿ ಕಟ್ಟಲು ಹೊರಟಾಗ ಮಿಡ್‌ವೆಸ್ಟ್‌ನ ಎಷ್ಟೋ ಊರುಗಳ ಪಕ್ಕದಲ್ಲೇ ರಸ್ತೆ ಹಾದುಹೋಯಿತು. ಊರಿನ ನಡುಬೀದಿಯ ಹೋಟೆಲು, ಪೆಟ್ರೋಲ್ ಬಂಕು ಸೊರಗಿದವು. ನಮ್ಮಲ್ಲೂ ತುಮಕೂರು–ಶಿವಮೊಗ್ಗ ಚತುಷ್ಪಥ ಬಂದಿದೆ. ರಸ್ತೆ ಬೇಡ ಅಂತ ನಾನು ಹೇಳ್ತಿಲ್ಲ. ಆಂಬುಲೆನ್ಸಿಗೂ ಬೇಕು, ಅಡಿಕೆ ಲಾರಿಗೂ ಬೇಕು. ಆದರೆ ಹಳೆ ಬಿ.ಎಚ್. ರಸ್ತೆ ಊರಿಗೆ ಬರುತ್ತಿತ್ತು, ಹೊಸ ಹೆದ್ದಾರಿ ಊರನ್ನು ದಾಟಿಹೋಗುತ್ತದೆ. 2006–07ರಲ್ಲಿ ಸರ್ಕಾರ ಎಂಟನೇ ಕ್ಲಾಸಿನ ಮಕ್ಕಳಿಗೆ ಸೈಕಲ್ ಕೊಟ್ಟಿದ್ದು ಶಾಲೆ ಹತ್ತಿರವಾಗಲಿ ಅಂತ. ಸೈಕಲ್ ದಾಟಲಾಗದ ರಸ್ತೆ ಕಟ್ಟಿದರೆ ಅದೇ ಶಾಲೆ ಮತ್ತೆ ದೂರ ಆಗುತ್ತೆ.

ಈಗ 2023ಕ್ಕೆ ಬರೋಣ. ಜನವರಿಯಲ್ಲಿ ಉಕ್ಕು ಪ್ರಾಧಿಕಾರ ಭದ್ರಾವತಿಯ ವಿಐಎಸ್‌ಎಲ್ ಮುಚ್ಚುವ ನಿರ್ಧಾರ ಪ್ರಕಟಿಸಿತು, ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಫೆಬ್ರವರಿ 27ರಂದು ಸೋಗಾನೆಯಲ್ಲಿ ವಿಮಾನ ನಿಲ್ದಾಣ ಉದ್ಘಾಟನೆ ಆಯಿತು. ಮಾರ್ಚ್‌ನಲ್ಲಿ ಸಂತೋಷ್ ಟ್ರೋಫಿ ಬಂತು. ಕುಲುಮೆಗೆ ನೂರು ತುಂಬಿದ ವರ್ಷದಲ್ಲೇ ಇದೆಲ್ಲ. ಕಾಗದ ಕಾರ್ಖಾನೆ ಅಷ್ಟೊತ್ತಿಗಾಗಲೇ ಉತ್ಪಾದನೆ ನಿಲ್ಲಿಸಿತ್ತು. ಪುನಶ್ಚೇತನದ ಮಾತು ಆಗಾಗ ಕೇಳುತ್ತಲೇ ಇದೆ, ಆಗಲಿ ಅಂತ ಈ ಭಾಗದ ಎಲ್ಲರ ಆಸೆ. ಆದರೆ ಕಾರ್ಖಾನೆ ಉಳಿಯುತ್ತಾ ಇಲ್ವಾ ಅನ್ನೋ ಚರ್ಚೆಯಲ್ಲಿ ಇನ್ನೊಂದು ಪ್ರಶ್ನೆ ಮುಳುಗಿಹೋಗುತ್ತಿದೆ. ಕಲ್ಯಾಣ ವೆಚ್ಚ ಅಂತ ಬರೆದಿಟ್ಟ ಆ ಶಾಲೆ, ಆ ಮೈದಾನ, ಆ ಮರಗಳು ಯಾರವು? ಓಹಿಯೋ ರಾಜ್ಯದ ಯಂಗ್ಸ್‌ಟೌನ್‌ನಲ್ಲಿ 1977ರ ಸೆಪ್ಟೆಂಬರ್ 19ರಂದು ಉಕ್ಕಿನ ಕಂಪನಿ ತನ್ನ ದೊಡ್ಡ ಘಟಕ ಮುಚ್ಚುವುದಾಗಿ ಹೇಳಿತು, ಸುಮಾರು 5,000 ಜನರ ಕೆಲಸ ಹೋಯಿತು. ಅಲ್ಲಿನವರು ಆ ದಿನಕ್ಕೆ ಕರಾಳ ಸೋಮವಾರ ಅಂತಾರೆ. ಕೆಲಸ ಹೋದ ಮೇಲೆ ಜನ ಹೋದರು, ಆಮೇಲೆ ಮಕ್ಕಳಿಲ್ಲದೆ ಶಾಲೆಗಳು ಹೋದವು.

ಡಿಕೇಟರ್ ದಾರಿಯೋ, ಗ್ರೀನ್ ಬೇ ದಾರಿಯೋ, ಎರಡೂ ನಮ್ಮ ಮುಂದಿವೆ. ಕಾರ್ಖಾನೆ ಕೊಂಡುಕೊಳ್ಳೋದು ನಮ್ಮ ಕೈಲಾಗಲ್ಲ, ಒಪ್ಪೋಣ. ಆದರೆ ಜಾಗ ಯಾರ ಕೈಗೆ ಹೋಗಲಿ, ಶಾಲೆ ಮತ್ತು ಮೈದಾನದ ಸರ್ವೆ ನಂಬರು ಮೊದಲು ಬೇರೆ ಆಗಿ ಊರಿನ ಹೆಸರಿಗೆ ಬರಲಿ ಅಂತ ಕೇಳಬಹುದು. ಹೆದ್ದಾರಿ ದಾಟಲು ಶಾಲೆಯ ಎದುರು ಅಂಡರ್‌ಪಾಸ್ ಬೇಕು ಅಂತ ಎಸ್‌ಡಿಎಂಸಿ ಸಭೆಯಲ್ಲಿ ನಿರ್ಣಯ ಬರೆಸಬಹುದು. ಇದಕ್ಕೆ ಡಿವಿಡೆಂಡ್ ಬರಲ್ಲ. ಬಂದರೆ, ಬೆಂಗಳೂರಿಗೆ ಹೋಗದೆಯೂ ಆಟಗಾರ ಆಗುವ ಒಂದು ಮಗು ಬರಬಹುದು.

ನಿಮ್ಮೂರಿನ ಮೈದಾನದ ಪಹಣಿ ಯಾರ ಹೆಸರಲ್ಲಿದೆ? ಈ ವಾರ ಒಮ್ಮೆ ತೆಗೆಸಿ ನೋಡಿ.